ಎದುರು ಮನೆಯ ಬಾಗಿಲು ಲಾಬಿಗೆ ಬಂದಿದೆ, ಏನು ಮಾಡೋಣ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ 40 ಫ್ಲಾಟ್‌ಗಳ ಅಪಾರ್ಟ್‌ಮೆಂಟ್. ಎದುರು ಮನೆಯವರು ವಾಸ್ತು ಅಂತ ಮುಂಬಾಗಿಲಿನ ಚೌಕಟ್ಟನ್ನು ಎರಡಡಿ ಲಾಬಿಗೆ ತಂದಿದ್ದಾರೆ. ಹೊರಕ್ಕೆ ತೆರೆಯುವ ಕಬ್ಬಿಣದ ಗ್ರಿಲ್ ಬೇರೆ ಹಾಕಿಸಿದ್ದಾರೆ. ಸಂಘವನ್ನು ಕೇಳಲೇ ಇಲ್ಲ. ‘ನನ್ನ ಮನೆ, ನನ್ನ ಬಾಗಿಲು’ ಅನ್ನುತ್ತಾರೆ. ಅವರ ನೀರು ನಿಲ್ಲಿಸೋಣ ಎಂದು ಕಮಿಟಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ನೀರನ್ನು ಮಾತ್ರ ಮುಟ್ಟಬೇಡಿ. ಅವರು ಕೋರ್ಟಿಗೆ ಹೋದರೆ ಬಾಗಿಲಿನ ಮಾತು ಹಿಂದೆ ಬಿದ್ದು, ಉತ್ತರ ಕೊಡುವ ಸರದಿ ಸಂಘದ್ದಾಗುತ್ತದೆ.

ಮನೆ ಅವರದ್ದು, ನಿಜ. ಲಾಬಿ ಅವರೊಬ್ಬರದ್ದಲ್ಲ, ಅಲ್ವಾ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಲಾಬಿ, ಕಾರಿಡಾರ್, ಮೆಟ್ಟಿಲು, ಮುಖ್ಯ ಗೋಡೆಗಳನ್ನೆಲ್ಲ ಎಲ್ಲರ ಜಾಗ ಎಂದೇ ಎಣಿಸುತ್ತದೆ. ಕಟ್ಟಡದ ಭದ್ರತೆಗೆ ಕುತ್ತು ತರುವ ಕೆಲಸವಾದರೆ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಮೊದಲೇ ಬೇಕು. ಹಾಗಾಗಿ ಡೀಡ್ ಆಫ್ ಡಿಕ್ಲರೇಷನ್ (ಅಪಾರ್ಟ್‌ಮೆಂಟನ್ನು ಈ ಕಾಯ್ದೆಯಡಿ ತರುವ ಘೋಷಣಾ ಪತ್ರ), ಬೈಲಾ ಅಂದರೆ ಸಂಘದ ನಿಯಮಾವಳಿ, ಮಂಜೂರಾದ ನಕ್ಷೆ ಮೂರನ್ನೂ ತೆಗೆದು ನೋಡಿ.

ನನಗೆ ಜಾಸ್ತಿ ಚಿಂತೆ ಆ ಗ್ರಿಲ್‌ನದ್ದು. ಬೆಂಕಿ ಬಿದ್ದು ಕಾರಿಡಾರಿನಲ್ಲಿ ಹೊಗೆ ತುಂಬಿದರೆ, ಕರೆಂಟೂ ಹೋದರೆ, ಜನ ಗೋಡೆ ತಡವುತ್ತಾ ಮೆಟ್ಟಿಲು ಹುಡುಕುತ್ತಾರೆ. ತೆರೆದ ಗ್ರಿಲ್ ಅಡ್ಡ ನಿಂತಿದ್ದರೆ ಏನು ಗತಿ? ಬಾಗಿಲು ತೆರೆದಾಗಲೂ ಹೊರಹೋಗುವ ದಾರಿಗೆ ಅಡ್ಡ ಬರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಇವತ್ತೇ ಟೇಪ್ ಹಿಡಿದು ಅಳೆಯಿರಿ, ಫೋಟೊ ತೆಗೆದಿಡಿ. ಗೋಡೆ ಒಡೆದಿದ್ದಾರಾ ಅಂತಲೂ ನೋಡಿ. ಮೈವಾನ್ ಕಟ್ಟಡಗಳಲ್ಲಿ, ಅಂದರೆ ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಕಟ್ಟಡಗಳಲ್ಲಿ, ಭಾರ ಹೊರುವುದು ಕಾಂಕ್ರೀಟ್ ಗೋಡೆಯೇ. ಅದನ್ನು ಕೊರೆದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು.

ಆಮೇಲೆ ಇಬ್ಬರು ಹೋಗಿ ಅವರ ಜೊತೆ ಕೂತು ಮಾತಾಡಿ. ಗ್ರಿಲ್ ಯಾಕೆ ಬೇಕಾಯಿತು ಎಂದು ಕೇಳಿ. ಹಗಲೆಲ್ಲ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರಬಹುದು. ಆ ಭಯ ಸುಮ್ನೆ ಬರುವುದಲ್ಲ. ಚೌಕಟ್ಟಿನೊಳಗೇ ಕೂತು ಒಳಕ್ಕೆ ತೆರೆಯುವ ಗ್ರಿಲ್ ಆದರೆ ಒಪ್ಪಿಕೊಳ್ಳಿ. ಬಾಗಿಲಿನ ಬಣ್ಣ, ಕೆತ್ತನೆಗೆಲ್ಲ ಜಗಳ ಬೇಡ. ಚೌಕಟ್ಟು ಮಾತ್ರ ಹಿಂದಕ್ಕೆ ಹೋಗಲೇಬೇಕು.

ಒಪ್ಪದಿದ್ದರೆ ಅಳತೆ, ಫೋಟೊ ಸಮೇತ ನೋಟಿಸ್ ಕೊಡಿ. ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿ. ಕೊನೆಗೆ ಸಿವಿಲ್ ಕೋರ್ಟ್. ಬೈಲಾ ಮುರಿದವರ ಮೇಲೆ ಸಂಘವಷ್ಟೇ ಅಲ್ಲ, ತೊಂದರೆಯಾದ ಮಾಲೀಕರಾಗಿ ನೀವೂ ಹೋಗಲು ಕಾಯ್ದೆಯಲ್ಲಿ ದಾರಿಯಿದೆ. ತಡ ಮಾಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದರೆ ‘ಆಗ ಯಾಕೆ ಕೇಳಲಿಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಬೇರೆ ಮಹಡಿಯಲ್ಲೂ ಇಂಥದ್ದಿದ್ದರೆ ಅವರಿಗೂ ಅದೇ ದಿನ ನೋಟಿಸ್ ಹೋಗಲಿ. ಕಮಿಟಿಯವರ ಮನೆ ಮುಂದೆ ಚಪ್ಪಲಿ ಸ್ಟ್ಯಾಂಡ್ ಇದ್ದರೆ, ಅದಕ್ಕೂ ಮೊದಲೇ ಒಳಗಿಡಲಿ.