ಶುಂಠಿ ಎಲೆ ಸುರುಳಿಯೊಳಗಿನ ಹುಳು

ಸೋಮವಾರಪೇಟೆಯ ನಿಮ್ಮ ಶುಂಠಿ ಪಾತಿಯಲ್ಲಿ ಎಲೆಗಳು ಸುರುಳಿಯಾಗಿವೆ, ಒಳಗೆ ಹಸಿರು ಹುಳುವಿದೆ, ಪಕ್ಕದಲ್ಲೇ ಬಿಳಿ ಮಚ್ಚೆಯ ಕಂದು ಚಿಟ್ಟೆ ಕುಳಿತಿತ್ತು, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ.

ನಿಮ್ಮ ವಿವರಣೆಗೆ ಹೊಂದುವುದು ಸ್ಕಿಪ್ಪರ್ ಎಂಬ ಚಿಟ್ಟೆ ಗುಂಪಿನ ಗ್ರಾಸ್ ಡೆಮನ್, ವೈಜ್ಞಾನಿಕ ಹೆಸರು ಉಡಾಸ್ಪೆಸ್ ಫೋಲಸ್. ಹಿಂದಿನ ರೆಕ್ಕೆಯ ನಡುವೆ ದೊಡ್ಡ ಬಿಳಿ ಮಚ್ಚೆ ಇತ್ತೇ ಎಂದು ನೆನಪಿಸಿಕೊಳ್ಳಿ. ಹಿಂದಿನ ರೆಕ್ಕೆ ಪೂರ್ತಿ ಕಂದಾಗಿದ್ದು, ಮುಂದಿನದರಲ್ಲಿ ಓರೆಯಾದ ಬಿಳಿ ಪಟ್ಟಿ ಇದ್ದರೆ ಅದು ರೆಸ್ಟ್ರಿಕ್ಟೆಡ್ ಡೆಮನ್ ಎಂಬ ಇನ್ನೊಂದು ಸ್ಕಿಪ್ಪರ್. ಎರಡರ ಹುಳುಗಳಿಗೂ ಶುಂಠಿ ಕುಟುಂಬದ ಗಿಡಗಳೇ ಆಹಾರ.

ಗ್ರಾಸ್ ಡೆಮನ್ ಹುಳು ಎಲೆಯ ಅಂಚನ್ನು ರೇಷ್ಮೆ ಎಳೆಯಿಂದ ಮಡಚಿ ಒಳಗೆ ಅಡಗಿ, ಎಲೆಯನ್ನಷ್ಟೇ ಮೇಯುತ್ತದೆ. ಗೆಡ್ಡೆಗೆ ಬಾಯಿ ಹಾಕುವುದಿಲ್ಲ. ಸುರುಳಿಯೊಳಗೆ ಸಿಂಪಡಣೆ ಸರಿಯಾಗಿ ತಲುಪುವುದೂ ಇಲ್ಲ, ತೋಟದ ಜೇನಿಗೆ ಮಾತ್ರ ಅಪಾಯ. ಸುರುಳಿ ಬಿಡಿಸಿ, ಹುಳುವನ್ನು ಬೇಲಿಯಾಚೆಯ ಕಾಡು ಅರಿಶಿನದ ಮೇಲೆ ಬಿಡಿ. ಇಷ್ಟು ಚೆಂದದ ಜೀವಕ್ಕೆ ಅಷ್ಟು ಎಲೆ ಕೊಡಬಹುದು.

ನೀವು ನಿಜಕ್ಕೂ ಹುಡುಕಬೇಕಾದದ್ದು ಕಾಂಡಕೊರಕವನ್ನು. ಕಾಂಡದಲ್ಲಿ ರಂಧ್ರ, ಅಲ್ಲಿಂದ ಹೊರಬಂದ ಹಿಕ್ಕೆ, ಹಳದಿಯಾಗಿ ಒಣಗಿದ ನಡುಸುಳಿ ಅದರ ಗುರುತು. ಅದರ ಪತಂಗ ಕರಿಚುಕ್ಕೆಗಳಿರುವ ಕಿತ್ತಳೆ ಬಣ್ಣದ್ದು, ಏಲಕ್ಕಿಯನ್ನೂ ಬಿಡುವುದಿಲ್ಲ. ಅಂಥ ಕಾಂಡ ಕಂಡರೆ ಕತ್ತರಿಸಿ ನಾಶಮಾಡಿ. ಹೆಚ್ಚಾಗಿದ್ದರೆ ಮಾದರಿಯನ್ನು ಮಡಿಕೇರಿ ಬಳಿಯ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ.