ಎರರ್ ಇಲ್ಲ, ಆದರೂ ರಿಸಲ್ಟ್ ತಪ್ಪು!

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ. ನಮ್ಮ ಹಳೆಯ ಮಾರ್ಕ್ಸ್ ಪ್ರೋಗ್ರಾಮನ್ನು ಪೈಥಾನ್ ಭಾಷೆಯ 2ನೇ ಆವೃತ್ತಿಯಿಂದ 3ಕ್ಕೆ ಬದಲಿಸಿದೆ. ಪ್ರಿಂಟ್‌ಗೆ ಬ್ರಾಕೆಟ್ ಹಾಕಿದೆ, ರಾ_ಇನ್‌ಪುಟ್ ಇದ್ದಲ್ಲಿ ಇನ್‌ಪುಟ್ ಅಂತ ಮಾಡಿದೆ. ಎರರ್ ಒಂದೂ ಇಲ್ಲ. ಆದರೆ ಎಲ್ಲರೂ ಪಾಸಾಗಿದ್ದರೂ 'ಫೇಲಾದವರಿದ್ದಾರೆ' ಎಂದು ತೋರಿಸುತ್ತದೆ. ಕೆಲವರ ಸರಾಸರಿಯಲ್ಲಿ ಒಂದು ಅಂಕ ಕಡಿಮೆ ಬೇರೆ. ಯಾಕೆ ಸರ್?
– ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಎರರ್ ಬಂದಿದ್ದರೇ ಚೆನ್ನಾಗಿತ್ತು. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂತಲ್ಲ, ಹಳೆಯ ಕೋಡ್ ಕೆಟ್ಟರೂ ಸರಿ ಅಂತ ಗೊತ್ತಿದ್ದೇ ಭಾಷೆಯನ್ನು ತಿದ್ದಿದರು. ಎಕ್ಸ್‌ರೇಂಜ್, ರಾ_ಇನ್‌ಪುಟ್, ಸಿಎಂಪಿ ಎಂಬ ಫಂಕ್ಷನ್‌ಗಳು (ಭಾಷೆಯಲ್ಲೇ ಸಿದ್ಧವಾಗಿದ್ದ ಆಜ್ಞೆಗಳು) ಹೋದವು. ರೆಡ್ಯೂಸ್ ಫಂಕ್‌ಟೂಲ್ಸ್ ಮಾಡ್ಯೂಲ್‌ಗೆ (ಬೇಕಾದಾಗ ಇಂಪೋರ್ಟ್ ಮಾಡಿಕೊಳ್ಳುವ ಕೋಡ್ ಕಟ್ಟು) ಹೋಯಿತು. ಇವೆಲ್ಲ ಆ ಸಾಲಿಗೆ ಬಂದ ಕೂಡಲೇ ನೇಮ್‌ಎರರ್ (ಈ ಹೆಸರು ಗೊತ್ತಿಲ್ಲ) ಅಂತ ಕೂಗಿಕೊಳ್ಳುತ್ತವೆ, ತಿದ್ದಿದರೆ ಮುಗಿಯಿತು. ಕಾಟ ಕೊಡುವುದು ಹೆಸರು ಹಾಗೇ ಇಟ್ಟುಕೊಂಡು ನಡತೆ ಬದಲಿಸಿದ ಫಂಕ್ಷನ್‌ಗಳು.

ನಿಮ್ಮ ಮೊದಲ ತೊಂದರೆ ಫಿಲ್ಟರ್‌ದು. 35ಕ್ಕಿಂತ ಕಡಿಮೆ ಬಂದವರನ್ನು ಅದರಿಂದ ಆರಿಸಿ, ಆಮೇಲೆ 'ಇಫ್' ಹಾಕಿ ನೋಡಿರಬೇಕು, ಅಲ್ವಾ? ಪೈಥಾನ್ 2ರಲ್ಲಿ ಲಿಸ್ಟ್ ಸಿಗುತ್ತಿತ್ತು, ಖಾಲಿ ಲಿಸ್ಟ್ ಅಂದರೆ ಫಾಲ್ಸ್. ಈಗ ಸಿಗುವುದು ಇಟರೇಟರ್, ಅಂದರೆ ಕೇಳಿದಾಗ ಒಂದೊಂದೇ ಬೆಲೆ ಕೊಡುವ ವಸ್ತು. ಅದರೊಳಗೆ ಯಾರಾದರೂ ಇದ್ದಾರಾ ಅಂತ ಇಫ್ ಇಣುಕಿ ನೋಡುವುದಿಲ್ಲ, ಹಾಗಾಗಿ ಯಾವಾಗಲೂ ಟ್ರೂ. ಮ್ಯಾಪ್, ಜಿಪ್ ಕೂಡ ಹೀಗೇ. ಇನ್ನೊಂದು ತಲೆನೋವು ಏನೆಂದರೆ ಇವು ಒಮ್ಮೆ ಓದಿದರೆ ಖಾಲಿ. ಮ್ಯಾಪ್‌ನಿಂದ ಬಂದ ಅಂಕಗಳನ್ನು ಮೊತ್ತ ಕೂಡುವ ಸಮ್ ಫಂಕ್ಷನ್‌ಗೆ ಕೊಟ್ಟು, ಅವುಗಳ ಮೇಲೇ ಮತ್ತೆ ಫಾರ್ ಲೂಪ್ ಓಡಿಸಿ ನೋಡಿ, ಒಂದು ಸಾಲೂ ಪ್ರಿಂಟ್ ಆಗುವುದಿಲ್ಲ, ಎರರೂ ಬರುವುದಿಲ್ಲ. ಸುಮ್ನೆ ಲಿಸ್ಟ್(ಫಿಲ್ಟರ್(...)) ಅಂತ ಬರೆದುಬಿಡಿ.

ಅಂಕ ಕಡಿಮೆಯಾಗಿದ್ದು ದಶಮಾಂಶವನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್‌ನಿಂದ. ಸರಿಯಾಗಿ ಅರ್ಧ ಬಂದರೆ ಅದು ಈಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 35.5 ಹಿಂದೆಯೂ 36, ಈಗಲೂ 36. ಆದರೆ 34.5 ಹಿಂದೆ 35 ಆಗುತ್ತಿತ್ತು, ಈಗ 34! ರಾಶಿ ಸಂಖ್ಯೆ ಕೂಡುವಾಗ ಮೊತ್ತ ಒಂದೇ ಕಡೆ ವಾಲದಿರಲಿ ಅಂತ ಹೀಗೆ ಮಾಡುವುದು, ಲೆಕ್ಕಕ್ಕೆ ಒಳ್ಳೆಯದೇ. ಅರ್ಧ ಅಂಕಕ್ಕೆ ಫೇಲಾದ ಹುಡುಗನಿಗೆ ಇದನ್ನು ಹೇಳಿ ನೋಡಿ! ಮ್ಯಾಥ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ರೌಂಡ್ ಬದಲು ಮ್ಯಾಥ್.ಫ್ಲೋರ್(ಸರಾಸರಿ + 0.5) ಹಾಕಿ.

ಹಳೆಯ ಕೋಡನ್ನು ಪೈಥಾನ್ 3ಕ್ಕೆ ಬದಲಿಸಿಕೊಡುವ 2ಟು3 ಅನ್ನುವ ಟೂಲ್ ಫಿಲ್ಟರ್, ಮ್ಯಾಪ್‌ಗಳಿಗೆ ತಾನೇ ಲಿಸ್ಟ್ ಸೇರಿಸುತ್ತದೆ, ರೌಂಡ್ ಅನ್ನು ಮುಟ್ಟುವುದಿಲ್ಲ. ಪೈಥಾನ್ 3.13ರಲ್ಲಿ ಆ ಟೂಲನ್ನೇ ತೆಗೆದಿದ್ದಾರೆ. ಯಾವುದಕ್ಕೂ ಹಿಂದಿನ ವರ್ಷದ ಅಂಕಗಳನ್ನೇ ಹೊಸ ಪ್ರೋಗ್ರಾಮ್‌ಗೆ ಕೊಟ್ಟು, ಆಗಿನ ರಿಸಲ್ಟ್ ಶೀಟ್ ಜೊತೆ ತಾಳೆ ನೋಡಿ.