ಓದುಗರ ಪ್ರಶ್ನೆ: ಕೆರೆನೀರಿನ ಒಂದು ಹನಿಯ ಫೋಟೊ

ಪ್ರಶ್ನೆ: 10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ (ಸ್ಲೈಡ್ ಕಡೆಯ ಲೆನ್ಸ್, ಹತ್ತು ಪಟ್ಟು ಹಿಗ್ಗಿಸುವುದು) ಚಿತ್ರ ಚೆನ್ನಾಗಿಯೇ ಬರುತ್ತದೆ. 40ಎಕ್ಸ್‌ಗೆ ತಿರುಗಿಸಿದ ಕೂಡಲೇ ಎಲ್ಲಕ್ಕೂ ಹಾಲು ಬೆರೆಸಿದಂತೆ ಮಬ್ಬು. ಪ್ಲಾನ್ ಆಬ್ಜೆಕ್ಟಿವ್ (ಅಂಚಿನವರೆಗೂ ಸ್ಪಷ್ಟ ತೋರಿಸುವಂಥದ್ದು) ಇರುವ, ಕ್ಯಾಮೆರಾಗೆ ಮೂರನೆಯ ಕೊಳವೆಯುಳ್ಳ (ಟ್ರೈನಾಕ್ಯುಲರ್) ಒಳ್ಳೆಯ ಮೈಕ್ರೋಸ್ಕೋಪ್, ಮಿರರ್‌ಲೆಸ್ ಕ್ಯಾಮೆರಾ ಇದೆ. ಕ್ಯಾಮೆರಾ ಬದಲಿಸಬೇಕೆ?
(ಓದುಗರು, ಶಿವಮೊಗ್ಗ)

ಉತ್ತರ: ಕ್ಯಾಮೆರಾದ ತಂಟೆಗೆ ಹೋಗಬೇಡಿ. ಮೊದಲು 40ಎಕ್ಸ್ ಆಬ್ಜೆಕ್ಟಿವ್ ಬಿಚ್ಚಿ ಅದರ ಮುಂದಿನ ಗಾಜು ನೋಡಿ. ಒಂದು ಐಪೀಸನ್ನು (ಕಣ್ಣಿಡುವ ಲೆನ್ಸ್) ತಲೆಕೆಳಗಾಗಿ ಹಿಡಿದರೆ ಅದೇ ಭೂತಗನ್ನಡಿ. ಈ ಆಬ್ಜೆಕ್ಟಿವ್, ಹನಿಯ ಮೇಲೆ ಮುಚ್ಚುವ ತೆಳುಗಾಜಾದ ಕವರ್‌ಸ್ಲಿಪ್‌ನಿಂದ ಅರ್ಧ ಮಿಲಿಮೀಟರ್ ಚಿಲ್ಲರೆ ದೂರದಲ್ಲಿ ನಿಲ್ಲುತ್ತದೆ. ಅಂಚಿನಿಂದ ಹೊರಬಂದ ನೀರು ಅದಕ್ಕೆ ತಾಗಿ ಒಣಗುತ್ತದೆ. 100ಎಕ್ಸ್‌ಗೆಂದು ಹಾಕಿದ ಎಣ್ಣೆಯ ಮೇಲೆ 40ಎಕ್ಸ್ ಎಳೆದುಬಿಡುವುದು ಇನ್ನೊಂದು ಮಾಮೂಲಿ ತಪ್ಪು. ನೀರಿನ ಕಲೆಯಾದರೆ ಡಿಸ್ಟಿಲ್ಡ್ ವಾಟರ್, ಎಣ್ಣೆಯಾದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಯಾವುದಾದರೂ ಒಂದು ತೊಟ್ಟು ಲೆನ್ಸ್ ಪೇಪರ್‌ಗೆ ಹಾಕಿ, ಒತ್ತದೆ ಒರೆಸಿ. ಅಂಗಿಯ ತುದಿ ಮಾತ್ರ ಬೇಡ.

ಗಾಜು ಚೊಕ್ಕಟವಾಗಿದ್ದರೆ ತಪ್ಪು ಹನಿಯ ದಪ್ಪದ್ದು. ಡ್ರಾಪರ್‌ನಿಂದ ಬೀಳುವ ಹನಿ ಸುಮಾರು 50 ಮೈಕ್ರೊಲೀಟರ್, ಅಂದರೆ 50 ಘನ ಮಿಲಿಮೀಟರ್. 22 ಮಿ.ಮೀ. ಚೌಕದ ಕವರ್‌ಸ್ಲಿಪ್‌ನ ವಿಸ್ತಾರ 484 ಚದರ ಮಿ.ಮೀ. ಭಾಗಿಸಿದರೆ ನೀರಿನ ಪದರ 100 ಮೈಕ್ರಾನ್ (0.1 ಮಿ.ಮೀ.) ದಪ್ಪ ಎಂದಾಯಿತು. ಸಾಮಾನ್ಯ 40ಎಕ್ಸ್ ಆಬ್ಜೆಕ್ಟಿವ್ 0.17 ಮಿ.ಮೀ. ಗಾಜಿಗೆಂದು ಲೆಕ್ಕ ಹಾಕಿ ಮಾಡಿದ್ದು. ಅದರ ಕೆಳಗೆ ಇನ್ನೂ 100 ಮೈಕ್ರಾನ್ ನೀರನ್ನು ದಾಟಿ ನೋಡಬೇಕಾದರೆ ಕಿರಣಗಳು ಒಂದೇ ಬಿಂದುವಿಗೆ ಸೇರುವುದಿಲ್ಲ. ಮಬ್ಬು ಬರುವುದು ಅಲ್ಲಿಂದ. 10 ಮೈಕ್ರೊಲೀಟರ್ ಹಾಕಿದರೆ ಪದರ 20 ಮೈಕ್ರಾನ್‌ಗೆ ಇಳಿಯುತ್ತದೆ. ಮೈಕ್ರೊಪಿಪೆಟ್ ಇಲ್ಲದವರು ಕವರ್‌ಸ್ಲಿಪ್ ಇಟ್ಟ ಮೇಲೆ ಅದರ ಅಂಚಿಗೆ ಟಿಶ್ಯೂ ಪೇಪರ್‌ನ ಮೂಲೆ ತಾಗಿಸಿ, ತೇಲುತ್ತಿರುವ ಗಾಜು ಕೂರುವವರೆಗೆ ನೀರು ಹೀರಿಸಿದರೆ ಸಾಕು.

ಕವರ್‌ಸ್ಲಿಪ್ ಕೊಳ್ಳುವಾಗ ಡಬ್ಬಿಯ ಮೇಲಿನ ಸಂಖ್ಯೆ ನೋಡಿ. ನಂಬರ್ 1 ಎಂದರೆ 0.13ರಿಂದ 0.16 ಮಿ.ಮೀ.; ನಿಮಗೆ ಬೇಕಾದದ್ದು 0.16ರಿಂದ 0.19ರ ನಂಬರ್ 1.5.

ಪರೀಕ್ಷೆ ಸುಲಭ. ಕವರ್‌ಸ್ಲಿಪ್‌ನ ತಳಕ್ಕೇ ಅಂಟಿಕೊಂಡಿರುವ ಒಂದು ಡಯಾಟಮ್ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ) ಹುಡುಕಿ. ಅದರ ಚಿಪ್ಪಿನ ಗೆರೆಗಳು ಕಡೆದಂತೆ ಕಂಡು, ಕೆಳಗಿನ ಜೀವಿ ಮಾತ್ರ ಮಬ್ಬಾಗಿದ್ದರೆ ಆಬ್ಜೆಕ್ಟಿವ್ ಸರಿ ಇದೆ, ಹನಿ ದಪ್ಪ ಇದೆ.

ಪ್ರಶ್ನೆ: ಪ್ಯಾರಾಮೀಸಿಯಂ (ಈಜುವ ಏಕಕೋಶ ಜೀವಿ) ಒಂದು ಕ್ಷಣವೂ ನಿಲ್ಲುವುದಿಲ್ಲ. ಹತ್ತು ಚಿತ್ರ ತೆಗೆದರೆ ಹತ್ತೂ ಬಳಿದ ಹಾಗೆ.
(ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಅದು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಈಜುತ್ತದೆ. 1/60 ಸೆಕೆಂಡಿನ ಶಟರ್‌ನಲ್ಲಿ 17 ಮೈಕ್ರಾನ್ ಸರಿದಿರುತ್ತದೆ. 0.65 ಎನ್‌ಎ (ಲೆನ್ಸ್ ಎಷ್ಟು ಅಗಲ ಕೋನದ ಬೆಳಕು ಹಿಡಿಯುತ್ತದೆ ಎಂಬ ಅಳತೆ) ಇರುವ 40ಎಕ್ಸ್ ಆಬ್ಜೆಕ್ಟಿವ್ ಬಿಡಿಸಿ ತೋರಿಸಬಲ್ಲ ಕನಿಷ್ಠ ಅಂತರ ಅರ್ಧ ಮೈಕ್ರಾನ್. ಆ ಸೂಕ್ಷ್ಮ ಉಳಿಯಬೇಕೆಂದರೆ 1/2000 ಸೆಕೆಂಡಾದರೂ ಬೇಕು. ಅಷ್ಟು ಬೆಳಕು ಎಲ್ಲರ ಮೈಕ್ರೋಸ್ಕೋಪ್‌ನಲ್ಲಿ ಇರುವುದಿಲ್ಲ. ಪಳಗಿದವರು ಕಂಡೆನ್ಸರ್‌ನ (ಸ್ಲೈಡ್‌ಗೆ ಬೆಳಕು ಕೂಡಿಸುವ ಲೆನ್ಸ್) ಕೆಳಗಿನಿಂದ ಫ್ಲ್ಯಾಶ್ ಹಾಯಿಸುವುದು ಇದಕ್ಕೇ. ಕಡಿಮೆ ಪವರ್‌ಗಿಟ್ಟ ಫ್ಲ್ಯಾಶ್ 1/10,000 ಸೆಕೆಂಡಿಗಿಂತಲೂ ಬೇಗ ಮುಗಿಯುತ್ತದೆ.

ಫ್ಲ್ಯಾಶ್ ಇಲ್ಲವಾದರೆ ಜೀವಿಯನ್ನೇ ನಿಧಾನಿಸಬೇಕು. ಮೇಲೆ ಹೇಳಿದ ಟಿಶ್ಯೂ ಉಪಾಯವೇ ಇಲ್ಲೂ ಮೊದಲ ಮದ್ದು, ಆದರೆ ಕಣ್ಣು ಐಪೀಸ್‌ನಲ್ಲೇ ಇರಲಿ. ನೀರು ತಗ್ಗುತ್ತಿದ್ದಂತೆ ಗಾಜು ಜೀವಿಯ ಮೈಗೆ ತಾಗುತ್ತದೆ, ಈಜು ತೆವಳಾಗುತ್ತದೆ, ಆಮೇಲೆ ನಿಂತಲ್ಲೇ ತಿರುಗುತ್ತದೆ. ಚಿತ್ರ ತೆಗೆಯಬೇಕಾದದ್ದು ಆಗ. ಇನ್ನೂ ಹೀರಿಸಿದರೆ ಮೈ ಉಬ್ಬಿ ಗುಂಡಗಾಗಿ, ಒಂದು ಕಡೆಯಿಂದ ತಿಳಿಯಾದ ಗುಳ್ಳೆ ಹೊರಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಜೀವಿ ಒಡೆದು ಕಾಳು ಚೆಲ್ಲಿದಂತಾಗುತ್ತದೆ. ಗುಳ್ಳೆಯ ಸುಳಿವು ಸಿಕ್ಕ ಕೂಡಲೇ ಅಂಚಿಗೆ ಒಂದು ತೊಟ್ಟು ಕೆರೆನೀರು ಬಿಡಿ.

ಎರಡನೆಯದು ಮೀಥೈಲ್ ಸೆಲ್ಯುಲೋಸ್, ನೀರನ್ನು ಲೋಳೆಯಾಗಿಸುವ ಪುಡಿ. 100 ಮಿ.ಲೀ. ನೀರಿಗೆ 2ರಿಂದ 3 ಗ್ರಾಂ. ತಣ್ಣೀರಿಗೆ ನೇರವಾಗಿ ಹಾಕಿದರೆ ರಾಗಿ ಹಿಟ್ಟಿನ ಗಂಟಿನಂತೆ ಹೊರಗೆ ಲೋಳೆ, ಒಳಗೆ ಪುಡಿ. ಬಿಸಿನೀರಿನಲ್ಲಿ ಉದುರಿಸಿ ಕದಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಇದು ಕರಗುವುದು ತಣ್ಣಗಾದಾಗ. ಸ್ಲೈಡ್ ಮೇಲೆ ಇದರದೊಂದು ಸಣ್ಣ ಉಂಗುರ ಬಿಡಿಸಿ, ನಡುವೆ ಹನಿ ಹಾಕಿ. ಒಂದು ಎಚ್ಚರಿಕೆ: ಲೋಳೆಯಲ್ಲಿ ಸಿಲಿಯಾಗಳ (ಈಜಲು ಬಡಿಯುವ ಸಣ್ಣ ರೋಮಗಳು) ಬಡಿತದ ರೀತಿಯೇ ಬದಲಾಗುತ್ತದೆ. ಸಹಜ ಚಲನೆಯ ವಿಡಿಯೊ ಬೇಕಾದವರು ಇದನ್ನು ಬಳಸಬಾರದು.

ಹೊಸಬರಿಗೆ ನಮ್ಮ ಸಲಹೆ, ಪ್ಯಾರಾಮೀಸಿಯಂ ಬಿಟ್ಟು ವೋರ್ಟಿಸೆಲ್ಲಾದಿಂದ ಶುರುಮಾಡಿ. ಕಾಂಡದಲ್ಲಿ ಕಟ್ಟಿಹಾಕಿಕೊಂಡ ಗಂಟೆ ಅದು. ಬೆಚ್ಚಿದರೆ ಸ್ಪ್ರಿಂಗ್‌ನಂತೆ ಸುರುಳಿಯಾಗುತ್ತದೆ, ಆದರೆ ಬಿಚ್ಚಿಕೊಂಡು ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಪ್ರಶ್ನೆ: ಶಟರ್ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡುತ್ತವೆ.
(ಓದುಗರು, ಮಂಗಳೂರು)

ಉತ್ತರ: ಎಲ್‌ಇಡಿ ಮಿಟುಕುತ್ತಿದೆ. ಅನೇಕ ಎಲ್‌ಇಡಿಗಳ ಬೆಳಕನ್ನು ತಗ್ಗಿಸುವುದು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವ ಮೂಲಕ. ಕಣ್ಣಿಗೆ ತಿಳಿಯದು, ಸೆನ್ಸರ್ ಸಾಲುಸಾಲಾಗಿ ಓದುವಾಗ ಆರಿದ ಹೊತ್ತಿನ ಸಾಲುಗಳು ಕಪ್ಪಾಗುತ್ತವೆ. ದೀಪದ ಮುಂದೆ ಪೆನ್ಸಿಲ್ ಬೀಸಿ ನೋಡಿ. ಒಂದೇ ಮಸುಕಾಗಿ ಕಾಣದೆ ಹತ್ತಾರು ಪೆನ್ಸಿಲ್‌ಗಳಾಗಿ ಕಂಡರೆ ಅನುಮಾನ ಬೇಡ. ದೀಪವನ್ನು ಪೂರ್ತಿ ಏರಿಸಿ, ಹೆಚ್ಚಾದ ಬೆಳಕನ್ನು ಎನ್‌ಡಿ ಫಿಲ್ಟರ್‌ನಿಂದ (ಬಣ್ಣ ಬದಲಿಸದ ಬೂದು ಗಾಜು) ತಗ್ಗಿಸಿ. ಆಗಲೂ ಪಟ್ಟಿ ಉಳಿದರೆ ಅಡಾಪ್ಟರ್ ನಮ್ಮ 50 ಹರ್ಟ್ಸ್ ಕರೆಂಟಿನ ಏರಿಳಿತವನ್ನು ಹಾಗೇ ಬಿಡುತ್ತಿದೆ. ನಿಶ್ಚಲ ಜೀವಿಗಳಿಗೆ 1/100 ಅಥವಾ 1/50 ಸೆಕೆಂಡ್ ಇಟ್ಟುಕೊಳ್ಳಿ.

ಪ್ರಶ್ನೆ: ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚಿತ್ರಗಳಿಗೆ ದುಬಾರಿ ಕಂಡೆನ್ಸರ್ ಬೇಕೆ?
(ಪ್ರೌಢಶಾಲಾ ಶಿಕ್ಷಕರು, ಹಾಸನ)

ಉತ್ತರ: 4ಎಕ್ಸ್, 10ಎಕ್ಸ್‌ಗೆ ಬೇಡ, ಕಪ್ಪು ಚಾರ್ಟ್ ಪೇಪರ್‌ನ ಒಂದು ಬಿಲ್ಲೆ ಸಾಕು. ಅಳತೆ ಹಿಡಿಯುವುದು ಹೀಗೆ: 10ಎಕ್ಸ್‌ನಲ್ಲಿ ಸ್ಲೈಡ್ ಫೋಕಸ್ ಮಾಡಿ, ಒಂದು ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ಬೆಳಕಿನ ಒಂದು ದುಂಡು ತಟ್ಟೆ ಕಾಣುತ್ತದೆ. ಕಂಡೆನ್ಸರ್‌ನ ಐರಿಸ್ (ಬೆಳಕಿನ ರಂಧ್ರ ಹಿಗ್ಗಿಸಿ ಕುಗ್ಗಿಸುವ ಪರದೆ) ಮುಚ್ಚುತ್ತ ಬನ್ನಿ. ಅದರ ಅಂಚು ತಟ್ಟೆಯ ಅಂಚಿಗೆ ಸರಿಯಾಗಿ ಕೂತಾಗ ನಿಲ್ಲಿಸಿ, ಐರಿಸ್‌ನ ರಂಧ್ರವನ್ನು ಕೆಳಗಿನಿಂದ ಅಳೆಯಿರಿ. ಅದಕ್ಕಿಂತ ಒಂದೆರಡು ಮಿ.ಮೀ. ದೊಡ್ಡ ಬಿಲ್ಲೆ ಕತ್ತರಿಸಿ, ಪಾರದರ್ಶಕ ಹಾಳೆಗೆ ಅಂಟಿಸಿ, ಫಿಲ್ಟರ್ ಇಡುವ ಜಾಗದಲ್ಲಿ ನಟ್ಟನಡುವೆ ಇರಿಸಿ. ಈಗ ಐರಿಸ್ ಪೂರ್ತಿ ತೆರೆದು, ಹಿನ್ನೆಲೆ ಕಡುಗಪ್ಪಾಗುವವರೆಗೆ ಕಂಡೆನ್ಸರ್ ಏರಿಳಿಸಿ. ಒಂದು ಬದಿ ಮಾತ್ರ ನೀಲಿ ಹೊಳಪಾದರೆ ಬಿಲ್ಲೆ ಸರಿದಿದೆ ಎಂದರ್ಥ. ಸ್ಲೈಡ್‌ನ ಪ್ರತಿಯೊಂದು ಧೂಳಿನ ಕಣವೂ ಇಲ್ಲಿ ನಕ್ಷತ್ರವಾಗುತ್ತದೆ. ಹೊಸ ಸ್ಲೈಡನ್ನೂ ತೊಳೆದೇ ಬಳಸಿ.

ಕಪ್ಪಿನ ಜಾಗದಲ್ಲಿ ನೀಲಿ ಪಾರದರ್ಶಕ ಬಿಲ್ಲೆ, ಸುತ್ತ ಹಳದಿ ಉಂಗುರ ಇಟ್ಟರೆ ನೀಲಿ ಹಿನ್ನೆಲೆಯಲ್ಲಿ ಹೊನ್ನಿನ ಜೀವಿ. ಜೂಲಿಯಸ್ ರೈನ್‌ಬರ್ಗ್ 1896ರಲ್ಲೇ ತೋರಿಸಿದ ಚಮತ್ಕಾರ ಇದು, ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ.

ಪ್ರಶ್ನೆ: ಒಳ್ಳೆಯ ಜೀವಿಗಳು ಕೆರೆಯ ಯಾವ ಭಾಗದಲ್ಲಿ ಸಿಗುತ್ತವೆ? ತಂದ ನೀರನ್ನು ಹೇಗೆ ಇಡಬೇಕು?
(ಓದುಗರು, ತುಮಕೂರು)

ಉತ್ತರ: ನಡುಗೆರೆಯ ತಿಳಿನೀರಿನಲ್ಲಿ ಹೆಚ್ಚೇನೂ ಇರುವುದಿಲ್ಲ. ಅಂತರಗಂಗೆಯ ಬೇರಿನ ಗೊಂಚಲು ಅಥವಾ ನೀರಿನೊಳಗಿನ ಹೈಡ್ರಿಲ್ಲಾ ಕಿತ್ತು ಸೀಸೆಯೊಳಗೆ ಹಿಂಡಿ. ರೋಟಿಫರ್ (ಚಕ್ರದಂತೆ ರೋಮ ಆಡಿಸುವ ಸೂಕ್ಷ್ಮಪ್ರಾಣಿ), ವೋರ್ಟಿಸೆಲ್ಲಾ ಅಲ್ಲಿ ಮನೆಮಾಡಿರುತ್ತವೆ. ಕಲ್ಯಾಣಿಯ ಮೆಟ್ಟಿಲ ಮೇಲಿನ ಕಂದು ಲೋಳೆಯನ್ನು ಚಮಚದಿಂದ ಕೆರೆದರೆ ಡಯಾಟಮ್. ಸೀಸೆ ಅರ್ಧ ಮಾತ್ರ ತುಂಬಿ, ಮುಚ್ಚಳ ಸಡಿಲಿಸಿ, ಬಿಸಿಲು ತಾಗದ ಕಡೆ ಇಡಿ. ಗಟ್ಟಿ ಮುಚ್ಚಳ ಹಾಕಿ ಏಪ್ರಿಲ್ ಸೆಕೆಯಲ್ಲಿ ಕಾರಿನಲ್ಲಿ ಬಿಟ್ಟರೆ ಸಂಜೆಗೆ ನಾರುತ್ತದೆ. ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ಹೆಚ್ಚಾಗಿ ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಬ್ಯಾಕ್ಟೀರಿಯ. ವಿಷ ಇರಬಹುದು, ಬರಿಗೈ ಹಾಕಬೇಡಿ.

ಪ್ರಶ್ನೆ: ಚಿತ್ರದ ಕೆಳಗೆ "400 ಪಟ್ಟು" ಎಂದು ಬರೆಯಬಹುದೆ?
(ಓದುಗರು, ಬೆಂಗಳೂರು)

ಉತ್ತರ: ಫೋನಿನಲ್ಲಿ ಒಂದು ಗಾತ್ರ, ಗೋಡೆಯ ಪರದೆಯಲ್ಲಿ ಇನ್ನೊಂದು, 400 ಎಂಬುದಕ್ಕೆ ಅರ್ಥವಿಲ್ಲ. ಅಳತೆಗೆರೆ ಹಾಕಿ. ಸ್ಟೇಜ್ ಮೈಕ್ರೋಮೀಟರ್ ಎಂಬ ಸ್ಲೈಡ್‌ನಲ್ಲಿ 1 ಮಿ.ಮೀ. ಅನ್ನು 100 ಭಾಗ ಮಾಡಿರುತ್ತಾರೆ, ಒಂದೊಂದೂ 10 ಮೈಕ್ರಾನ್. ಪ್ರತಿ ಆಬ್ಜೆಕ್ಟಿವ್‌ನಲ್ಲೂ ಅದರದೊಂದು ಚಿತ್ರ ತೆಗೆದು ಉಚಿತ ತಂತ್ರಾಂಶ ಇಮೇಜ್‌ಜೆ ಬಳಸಿ ಎಣಿಸಿ. 100 ಮೈಕ್ರಾನ್‌ಗೆ 1,240 ಪಿಕ್ಸೆಲ್ ಬಂದರೆ, ಅದೇ ಆಬ್ಜೆಕ್ಟಿವ್, ಅದೇ ಅಡಾಪ್ಟರ್‌ನ ಎಲ್ಲ ಚಿತ್ರಗಳಲ್ಲೂ 50 ಮೈಕ್ರಾನ್ ಗೆರೆ 620 ಪಿಕ್ಸೆಲ್. ಚಿತ್ರ ಕತ್ತರಿಸಿದರೆ ಲೆಕ್ಕ ಕೆಡುವುದಿಲ್ಲ, ಕುಗ್ಗಿಸಿದರೆ ಕೆಡುತ್ತದೆ. ಹಾಗಾಗಿ ಗೆರೆಯನ್ನು ಮೊದಲೇ ಎಳೆದುಬಿಡಿ.